ಕಡಲು ಮತ್ತು ಕಾಡು: ಸರ್ದಾರ್ ಕೆ. ಎಂ. ಪಣಿಕ್ಕರ್ ಅವರ ಯುದ್ಧೇತಿಹಾಸ ಹಾಗೂ ಯುದ್ಧ ಕಾದಂಬರಿಗಳು

ಚೆನ್ನೈನ ಮೈಲಾಪೂರ್ ಇಂದು ಕಪಾಲೀಶ್ವರನ ದೇಗುಲಕ್ಕೆ, ಸಂಗೀತ ಸಭೆಗಳಿಗೆ, ಹಳೆಯ ವಕೀಲ ಮನೆತನಗಳಿಗೆ ಹೆಸರಾದ ಬಡಾವಣೆ. ಸೈನಿಕ ಇತಿಹಾಸದ ಅಭ್ಯಾಸಿಗೆ ಅದು ಬೇರೊಂದು ಕಾರಣದಿಂದ ಮುಖ್ಯವಾದ ನೆಲೆ. 16ನೆಯ ಶತಮಾನದ ಆರಂಭದಲ್ಲಿಯೇ ಪೋರ್ತುಗೀಜರು ಇಲ್ಲಿಯ ಕಡಲ ದಂಡೆಯಲ್ಲಿ ಬೀಡುಬಿಟ್ಟರು. 1516ರ ಶಾಸನವನ್ನು ಹೊತ್ತ ಲಸ್ ಚರ್ಚು ಅದರ ಕುರುಹಾಗಿ ಉಳಿದಿದೆ. ಸಾಂತೋಮ್ ಎಂಬ ಅವರ ವಸತಿಯ ಮೇಲೆ 1558ರಲ್ಲಿ ವಿಜಯನಗರದ ಅಳಿಯ ರಾಮರಾಯ ದಂಡೆತ್ತಿ ಬಂದು, ಒಂದು ಲಕ್ಷ ವರಹಗಳ ಕಾಣಿಕೆಯನ್ನು ವಿಧಿಸಿ ಹಿಂದಿರುಗಿದ. 1672ರಲ್ಲಿ ಫ್ರೆಂಚ್ ನೌಕಾಧಿಪತಿ ದ ಲಾ ಹೇ ಈ ಸ್ಥಳವನ್ನು ಗೋಲ್ಕೊಂಡದವರಿಂದ ಕಿತ್ತುಕೊಂಡ. ನೆಲದಿಂದ ಗೋಲ್ಕೊಂಡದ ಸೈನ್ಯ, ಕಡಲಿನಿಂದ ಡಚ್ಚರ ಹಡಗುಗಳು ಮುತ್ತಿಗೆ ಹಾಕಿದ್ದರಿಂದ 1674ರಲ್ಲಿ ಶರಣಾದ. 1746ರ ಅಕ್ಟೋಬರಿನಲ್ಲಿ ಇದೇ ಸಾಂತೋಮ್ ಮಗ್ಗುಲಿನ ಅಡಯಾರು ದಡದಲ್ಲಿ ಆರ್ಕಾಟಿನ ನವಾಬನ ಮಗ ಮಹ್ಫೂಜ್ ಖಾನನ ದೊಡ್ಡ ಸೈನ್ಯವು, ಸಾವಿರವೂ ತುಂಬದ ಫ್ರೆಂಚ್ ಪಡೆಯೆದುರು ಚದುರಿಹೋಯಿತು. ಹಡಗುಗಳ ಮೇಲೆ ಬಂದವರು ನೆಲದ ರಾಜ್ಯಗಳ ಹಣೆಬರಹವನ್ನು ಬದಲಿಸಬಲ್ಲರೆಂಬುದು ದಕ್ಷಿಣ ಭಾರತದಲ್ಲಿ ಸ್ಪಷ್ಟವಾಗಿ ಕಂಡದ್ದು ಆ ಅಕ್ಟೋಬರಿನಲ್ಲಿ.

ರಾಮರಾಯನ ಮೈಲಾಪೂರ್ ದಂಡಯಾತ್ರೆಯನ್ನು ಫಾದರ್ ಹೆರಾಸ್ ಅವರು 1927ರಲ್ಲಿ ಮದರಾಸಿನಿಂದಲೇ ಪ್ರಕಟವಾದ ತಮ್ಮ ಅರವೀಡು ವಂಶದ ಇತಿಹಾಸದಲ್ಲಿ ವಿವರಿಸಿದ್ದಾರೆ. ಕನ್ನಡದ ವಿಜಯನಗರ ಚರಿತ್ರೆಗಳಲ್ಲಿ ಈ ಪ್ರಸಂಗ ಬಂದರೂ ಅದು ಅರಸನೊಬ್ಬನ ದಿಗ್ವಿಜಯದ ಒಂದು ಸಾಲಾಗಿ ಬರುತ್ತದೆ. ಕಾಣಿಕೆ ಪಡೆದು ಹಿಂದಿರುಗಿದ ಅರಸನಿಗೆ ಆ ವಸತಿಯನ್ನು ಕಡಲಿನ ಕಡೆಯಿಂದ ಮುಚ್ಚುವ ಸಾಧನವಿರಲಿಲ್ಲ ಎಂಬ ಅಂಶವನ್ನು ನಾವು ಕೇಳಿಕೊಳ್ಳುವುದಿಲ್ಲ. ನಮ್ಮ ಸೈನಿಕ ಇತಿಹಾಸ ಕೋಟೆ ಮತ್ತು ಬಯಲಿನ ಇತಿಹಾಸ. ಈ ಪ್ರಶ್ನೆಯನ್ನೇ ಜೀವನದುದ್ದಕ್ಕೂ ಕೇಳುತ್ತ ಬಂದವರು ಕಾವಾಲಂ ಮಾಧವ ಪಣಿಕ್ಕರ್. ಸರ್ದಾರ್ ಪಣಿಕ್ಕರ್ ಎಂದೇ ಪ್ರಸಿದ್ಧರಾದ ಇವರು ಇಂಗ್ಲಿಷಿನಲ್ಲಿ ಯುದ್ಧಗಳ ಇತಿಹಾಸವನ್ನೂ ಮಲಯಾಳಂನಲ್ಲಿ ಯುದ್ಧದ ಕಾದಂಬರಿಗಳನ್ನೂ ಬರೆದರು.

ಕನ್ನಡಿಗರಿಗೆ ಪಣಿಕ್ಕರ್ ಅಪರಿಚಿತರಲ್ಲ. ಆದರೆ ಅವರ ಪರಿಚಯ ಒಂದು ವ್ಯಾಜ್ಯದ ಮೂಲಕ ಆಗಿದೆ. 1953ರ ಡಿಸೆಂಬರಿನಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಅವರೊಬ್ಬರು. ಕಾಸರಗೋಡು ಕೇರಳಕ್ಕೆ ಸೇರಿದ್ದು ಆ ಆಯೋಗದ ಶಿಫಾರಸಿನಂತೆ. ಗಡಿನಾಡಿನ ನೆನಪಿನಲ್ಲಿ ಅವರ ಹೆಸರು ಉಳಿದಿರುವುದು ಇದೊಂದೇ ಕಾರಣಕ್ಕೆ. ಅವರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗಲೇ 1963ರ ಡಿಸೆಂಬರ್ 10ರಂದು ನಿಧನರಾದರೆಂಬುದನ್ನು ನೆನೆಯುವವರು ವಿರಳ. ಅವರ ಕಾದಂಬರಿಗಳನ್ನು ಅವರ ಇತಿಹಾಸ ಗ್ರಂಥಗಳೊಡನೆ ಇಟ್ಟು ಓದಿದ ಕನ್ನಡ ವಿಮರ್ಶೆಯಂತೂ ಇನ್ನೂ ಬೆಳೆಯಬೇಕಾಗಿದೆ. ಕರ್ನಾಟಕದ ಹೊರಗಿದ್ದು, ಒಂದಕ್ಕಿಂತ ಹೆಚ್ಚು ದಕ್ಷಿಣದ ಭಾಷೆಗಳ ನಡುವೆ ಕೆಲಸ ಮಾಡುವ ಸಂಶೋಧಕರಿಗೆ ಈ ಓದು ಹೆಚ್ಚು ಸುಲಭ. ಪ್ರಸ್ತುತ ಲೇಖನವನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ.

ಪಣಿಕ್ಕರ್ ಹುಟ್ಟಿದ್ದು 1895ರಲ್ಲಿ, ತಿರುವಾಂಕೂರು ಸಂಸ್ಥಾನದ ಕುಟ್ಟನಾಡಿನ ಕಾವಾಲಂನಲ್ಲಿ. ಹಿನ್ನೀರಿನ ನಾಡು ಅದು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಇತಿಹಾಸ ಅಭ್ಯಸಿಸಿದರು. ಅಲೀಗಢದಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು, 1920ರ ದಶಕದ ಮೊದಲ ವರ್ಷಗಳಲ್ಲಿ ಮದರಾಸಿಗೆ ಬಂದು ಟಂಗುಟೂರಿ ಪ್ರಕಾಶಂ ಅವರ ‘ಸ್ವರಾಜ್ಯ’ ಪತ್ರಿಕೆಯ ಸಂಪಾದಕ ವರ್ಗದಲ್ಲಿ ದುಡಿದರು. ಅಲ್ಲಿಂದ ದೆಹಲಿಯ ‘ಹಿಂದುಸ್ತಾನ್ ಟೈಮ್ಸ್’ ಪತ್ರಿಕೆಗೆ ಹೋದರು. ಅವರು ಮದರಾಸಿನಲ್ಲಿದ್ದ ಹೊತ್ತಿಗೆ ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಪೀಠವನ್ನು ವಹಿಸಿಕೊಂಡಿದ್ದವರು, ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದ, ಮೈಲಾಪೂರಿನಲ್ಲಿ ನೆಲೆಸಿದ್ದ ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್. ಅಯ್ಯಂಗಾರರ ವಿಜಯನಗರ ಆಕರ ಸಂಗ್ರಹ 1919ರಲ್ಲಿಯೂ ದಕ್ಷಿಣದ ಮೇಲಿನ ಮುಸಲ್ಮಾನ ದಾಳಿಗಳನ್ನು ಕುರಿತ ಗ್ರಂಥ 1921ರಲ್ಲಿಯೂ ಹೊರಬಂದಿದ್ದವು. ಶಾಸನ ಹಾಗೂ ಕಾವ್ಯಗಳಿಂದ ಯುದ್ಧದ ಚರಿತ್ರೆ ಕಟ್ಟುವ ಆ ಮದರಾಸಿನ ಪರಂಪರೆಗೆ ಪಣಿಕ್ಕರ್ ಸೇರಿದವರಲ್ಲ. ಅವರ ಆಕರಗಳು ಪೋರ್ತುಗೀಜ್ ವೃತ್ತಾಂತಗಳು, ಡಚ್ಚರ ದಾಖಲೆಗಳು. ಅವರ ದಾರಿ ಪತ್ರಿಕಾಲಯದಿಂದ ಸಂಸ್ಥಾನಗಳ ಆಡಳಿತಕ್ಕೆ ಹೋಯಿತು. ನರೇಂದ್ರ ಮಂಡಲ, ಪಟಿಯಾಲ, ಬಿಕಾನೇರ್, ಆಮೇಲೆ ಚೀನಾ, ಈಜಿಪ್ಟ್, ಫ್ರಾನ್ಸ್‌ಗಳಲ್ಲಿ ರಾಯಭಾರ: ಈ ಕೆಲಸಗಳ ನಡುವೆ ಅವರು ಬರೆದ ಪುಸ್ತಕಗಳ ಪಟ್ಟಿ ನೋಡಿದರೆ ಬೆರಗಾಗುತ್ತದೆ. ಇತಿಹಾಸ, ರಾಜನೀತಿ, ಕಾವ್ಯ, ನಾಟಕ, ಅನುವಾದ, ಆತ್ಮಕಥೆ ಎಲ್ಲವೂ ಅದರಲ್ಲಿವೆ. ಈ ವೈಪುಲ್ಯಕ್ಕೆ ಬೆಲೆ ತೆರದೆ ಇರಲಿಲ್ಲ. ಅವಸರದಲ್ಲಿ ಬರೆದ ಪುಟಗಳು ಯಾವುವೆಂದು ಓದುಗನಿಗೆ ಗೊತ್ತಾಗುತ್ತದೆ.

ಯುದ್ಧೇತಿಹಾಸಕಾರರಾಗಿ ಅವರಿಗೆ ಸ್ಥಾನ ಕೊಟ್ಟದ್ದು ಮಲಬಾರಿನ ಎರಡು ಗ್ರಂಥಗಳು. ಪೋರ್ತುಗೀಜರನ್ನು ಕುರಿತದ್ದು 1929ರಲ್ಲಿ, ಡಚ್ಚರನ್ನು ಕುರಿತದ್ದು 1931ರಲ್ಲಿ ಮುಂಬಯಿಯಿಂದ ಪ್ರಕಟವಾದವು. ಮೊದಲನೆಯದರ ವಾದ ಆ ಕಾಲಕ್ಕೆ ದಿಟ್ಟವಾದದ್ದು. ಪೋರ್ತುಗೀಜ್ ಬಖೈರುಕಾರರು ಸಾಮ್ರಾಜ್ಯವೆಂದು ವರ್ಣಿಸಿದ್ದು ಮಲಬಾರಿನಲ್ಲಿ ಕೆಲವು ಕೋಟೆಗಳ ಗೋಡೆಯೊಳಗಿನ ಅಧಿಕಾರ ಮಾತ್ರವಾಗಿತ್ತು. ಕಲ್ಲಿಕೋಟೆಯ ಸಾಮೂದಿರಿ ಒಂದು ಶತಮಾನದ ಕಾಲ ಅವರಿಗೆ ನೆಲದ ಮೇಲೆ ಕಾಲೂರಲು ಬಿಡಲಿಲ್ಲ. ಇದಕ್ಕೆ ಆಧಾರಗಳೂ ಬಲವಾಗಿವೆ. 1510ರ ಜನವರಿಯಲ್ಲಿ ಕಲ್ಲಿಕೋಟೆಯ ಮೇಲೆ ನುಗ್ಗಿದ ಪೋರ್ತುಗೀಜ್ ಪಡೆ ತನ್ನ ಮಾರ್ಷಲ್ ಕೂಟಿನ್ಯೋನನ್ನು ಕಳೆದುಕೊಂಡು ಹಡಗುಗಳಿಗೆ ಓಡಿತು. ಚಾಲಿಯಂ ಕೋಟೆಯನ್ನು 1571ರಲ್ಲಿ ಸಾಮೂದಿರಿ ಗೆದ್ದು ಕೆಡವಿಸಿದ. ಈ ಗೆಲುವುಗಳ ಬೆನ್ನಿಗಿದ್ದದ್ದು ಕುಂಞಾಲಿ ಮರಕ್ಕಾರರ ದೋಣಿಪಡೆ. ಬಿರುಗಾಳಿಯ ಹಡಗಿನೆದುರು ಹುಟ್ಟುಹಾಕುವ ಸಣ್ಣ ದೋಣಿಗಳು, ನದೀಮುಖಗಳ ಮರೆ, ಹಠಾತ್ ದಾಳಿ: ಇಂದಿನ ಮಾತಿನಲ್ಲಿ ಹೇಳುವುದಾದರೆ ಕಡಲಿನ ಗೆರಿಲ್ಲಾ ಯುದ್ಧ. ನಾಲ್ಕನೆಯ ಕುಂಞಾಲಿ ತನ್ನ ಒಡೆಯನೊಡನೆಯೇ ಕೆಡಿಸಿಕೊಂಡು, ಸಾಮೂದಿರಿ ಹಾಗೂ ಪೋರ್ತುಗೀಜರು ಒಂದಾಗಿ ಬಂದಾಗ 1600ರಲ್ಲಿ ಸೆರೆಯಾಗಿ ಗೋವೆಯಲ್ಲಿ ಹತನಾದ. ಯುರೋಪಿನ ಬರಹಗಾರರಿಗೆ ಕಡಲ್ಗಳ್ಳರಾಗಿದ್ದ ಮರಕ್ಕಾರರನ್ನು ನೌಕಾಧಿಪತಿಗಳೆಂದು ಕಂಡು ಬರೆದವರಲ್ಲಿ ಪಣಿಕ್ಕರ್ ಮೊದಲ ಸಾಲಿನವರು.

ಎರಡನೆಯ ಗ್ರಂಥದ ಕೇಂದ್ರ 1741ರ ಕೊಳಚ್ಚಲ್ ಯುದ್ಧ. ತಿರುವಾಂಕೂರಿನ ಮಾರ್ತಾಂಡ ವರ್ಮ ಡಚ್ಚರನ್ನು ಸೋಲಿಸಿ, ಸೆರೆಸಿಕ್ಕ ದ ಲನೋಯ್ ಎಂಬಾತನಿಂದಲೇ ತನ್ನ ಸೈನ್ಯವನ್ನು ಯುರೋಪಿನ ಕ್ರಮದಲ್ಲಿ ಕಟ್ಟಿಸಿದ ಪ್ರಸಂಗವಿದು. ಆದರೆ ಆ ಗ್ರಂಥವನ್ನು ವಿಜಯಗಾಥೆ ಎನ್ನುವಂತಿಲ್ಲ. ಮಾರ್ತಾಂಡ ವರ್ಮನ ಹೊಸ ಸೈನ್ಯವೇ ನಾಯರ್ ಯೋಧವರ್ಗದ ಹಳೆಯ ಸ್ವಾಯತ್ತತೆಯನ್ನು ಮುಗಿಸಿತೆಂಬುದು ಪಣಿಕ್ಕರರ ವ್ಯಥೆ. ಅದರ ಉಪಶೀರ್ಷಿಕೆಯೂ ಆ ಪತನವನ್ನೇ ಹೇಳುತ್ತದೆ. ಮೈಸೂರಿನ ಇತಿಹಾಸ ಓದುವವರಿಗೆ ಈ ಭಾಗದಲ್ಲಿ ಬೇರೊಂದು ಆಸಕ್ತಿಯಿದೆ. 1789ರ ಡಿಸೆಂಬರಿನಲ್ಲಿ ಟಿಪ್ಪು ಮುಗ್ಗರಿಸಿದ ನೆಡುಂಕೋಟ್ಟೆಯ ರಕ್ಷಣಾ ಸಾಲು ದ ಲನೋಯ್ ಕಟ್ಟಿದ ಸೈನಿಕ ವ್ಯವಸ್ಥೆಯ ಫಲ. ಮೂರನೆಯ ಮೈಸೂರು ಯುದ್ಧಕ್ಕೆ ನೆಪವಾದದ್ದು ಅದೇ ಆಕ್ರಮಣ. ಕೊಳಚ್ಚಲಿನ ಕಡಲ ದಂಡೆಯ ಕದನವೂ ಶ್ರೀರಂಗಪಟ್ಟಣದ ಪತನವೂ ಹೀಗೆ ಒಂದೇ ಸರಪಳಿಯ ಕೊಂಡಿಗಳು.

ಈ ಪ್ರಾದೇಶಿಕ ಅಧ್ಯಯನದಿಂದ ಬೆಳೆದದ್ದು 1945ರ ‘ಭಾರತ ಮತ್ತು ಹಿಂದೂ ಮಹಾಸಾಗರ’. ಅಮೆರಿಕದ ನೌಕಾಧಿಕಾರಿ ಮಹಾನ್ 1890ರಲ್ಲಿ ಬರೆದ ಪ್ರಸಿದ್ಧ ಗ್ರಂಥದ ನೆರಳು ಅದರ ಉಪಶೀರ್ಷಿಕೆಯಲ್ಲೇ ಇದೆ. ಸಿಂಗಾಪುರ ಜಪಾನೀಯರ ವಶವಾಗಿ, ಬಂಗಾಳ ಕೊಲ್ಲಿ ಅರಕ್ಷಿತವಾಗಿ ಕಂಡ ವರ್ಷಗಳ ಚಿಂತನೆ ಅದು. ವಾಯವ್ಯ ಕಣಿವೆಗಳ ಮೂಲಕ ಬಂದ ದಾಳಿಕೋರರನ್ನೇ ನೋಡುತ್ತಿದ್ದ ಇತಿಹಾಸಕಾರರು ಕಡಲಿಗೆ ಬೆನ್ನು ಹಾಕಿದರು. ನೆಲದ ಮಾರ್ಗದಿಂದ ಬಂದವರು ಇಲ್ಲಿಯವರೇ ಆದರು, ಕಡಲ ಮಾರ್ಗದಿಂದ ಬಂದವರು ದೇಶದ ಸ್ವಾತಂತ್ರ್ಯವನ್ನೇ ಕೊಂಡೊಯ್ದರು ಎಂಬುದು ಅವರ ನಿಲುವಿನ ತಿರುಳು. ಏಡನ್, ಸೊಕೋತ್ರ, ಮಾರಿಷಸ್, ಸಿಂಹಳ, ಸಿಂಗಾಪುರಗಳನ್ನು ನೆಲೆಗಳಾಗಿಸಿ ಭಾರತವನ್ನು ಸುತ್ತುವರಿದ ಉಕ್ಕಿನ ಬಳೆಯೊಂದರ ಕಲ್ಪನೆಯನ್ನು ಅವರು ಮುಂದಿಟ್ಟರು. 1953ರಲ್ಲಿ ಬಂದ ‘ಏಷ್ಯಾ ಮತ್ತು ಪಾಶ್ಚಾತ್ಯ ಪ್ರಾಬಲ್ಯ’ ಈ ವಾದವನ್ನು ಇಡೀ ಏಷ್ಯಾಕ್ಕೆ ವಿಸ್ತರಿಸಿ, 1498ರಿಂದ 1945ರವರೆಗಿನ ಅವಧಿಯನ್ನು ವಾಸ್ಕೋ ಡ ಗಾಮನ ಯುಗವೆಂದು ಕರೆಯಿತು.

ಈ ಪ್ರಮೇಯವನ್ನು ಕರ್ನಾಟಕದ ಸಾಮಗ್ರಿಗೆ ಒಡ್ಡಿ ನೋಡುವುದು ಫಲಕಾರಿ; ಪಣಿಕ್ಕರ್ ತಾವೇ ಅದನ್ನು ವಿಸ್ತಾರವಾಗಿ ಮಾಡಲಿಲ್ಲ. ವಿಜಯನಗರದ ಅಶ್ವಬಲ ಕಡಲ ಮೇಲೆ ತೇಲಿ ಬಂದ ಬಲ. ಅರೇಬಿಯ, ಪರ್ಶಿಯಗಳ ಕುದುರೆ ಭಟ್ಕಳ, ಹೊನ್ನಾವರ, ಗೋವೆಗಳ ಮೂಲಕ ಇಳಿಯಬೇಕಿತ್ತು. 1510ರಲ್ಲಿ ಗೋವೆ ಪೋರ್ತುಗೀಜರ ವಶವಾದ ಮೇಲೆ ತುಂಗಭದ್ರೆಯ ಎರಡೂ ದಡಗಳ ಸೈನ್ಯಗಳ ಕುದುರೆ ಲಾಯದ ಬೀಗದ ಕೈ ಮೂರನೆಯವನೊಬ್ಬನಲ್ಲಿ ಉಳಿಯಿತು. 1520ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನ ಪರವಾಗಿ ಕ್ರಿಸ್ಟೊವಾಂವ್ ದ ಫಿಗೆರೇದೋ ಎಂಬ ಪೋರ್ತುಗೀಜನೂ ಅವನ ಬಂದೂಕುಗಾರರೂ ಕೋಟೆಯ ಮೇಲಿನ ಕಾವಲುಗಾರರನ್ನು ಹೊಡೆದುರುಳಿಸಿದ್ದನ್ನು ನೂನಿಜ್ ಬರೆದಿದ್ದಾನೆ. ಆ ಯುದ್ಧದ ವರ್ಷ 1522 ಅಲ್ಲ, 1520 ಎಂದು ವಾದಿಸಿ ತೋರಿಸಿದವರು ಮದರಾಸ್ ಸಿವಿಲ್ ಸೇವೆಯ ರಾಬರ್ಟ್ ಸೆವೆಲ್. 1547ರಲ್ಲಿ ಗೋವೆಯ ಗವರ್ನರನೊಡನೆ ಸದಾಶಿವರಾಯನ ಹೆಸರಿನಲ್ಲಾದ ಒಪ್ಪಂದದ ಮುಖ್ಯ ಕಲಮು ಕುದುರೆಗಳದ್ದೇ. ನೆಲದ ಮೇಲೆ ಯಾರಿಗೂ ಮಣಿಯದ ರಾಜ್ಯವೊಂದು ತನ್ನ ಯುದ್ಧಸಾಧನಕ್ಕಾಗಿ ಕಡಲಿನವರೊಡನೆ ಚೌಕಾಶಿ ಮಾಡಬೇಕಾದ ಸ್ಥಿತಿ ಇದು. ಗೋವೆಯನ್ನು ಗೆಲ್ಲುವಂತೆ ಆಲ್ಬುಕರ್ಕನಿಗೆ ಸೂಚಿಸಿ ನೆರವಾದವನು ಹೊನ್ನಾವರದ ನೌಕಾನಾಯಕ ತಿಮ್ಮಯ್ಯನೆಂಬುದನ್ನೂ ಇದಕ್ಕೆ ಸೇರಿಸಿ ನೋಡಬೇಕು. ಕುಂಞಾಲಿಗೆ ಪಣಿಕ್ಕರ್ ಸಿಕ್ಕಂತೆ ತಿಮ್ಮಯ್ಯನಿಗೆ ಇತಿಹಾಸಕಾರನೊಬ್ಬ ಸಿಗಲಿಲ್ಲ.

ಹೈದರಾಲಿಯ ವಿಷಯ ಇನ್ನೂ ಸ್ಪಷ್ಟ. 1763ರಲ್ಲಿ ಕೆಳದಿಯನ್ನು ಗೆದ್ದು ಕರಾವಳಿಗಿಳಿದ ಹೈದರ್ ಮಂಗಳೂರಿನಲ್ಲಿ ನೌಕಾಪಡೆ ಕಟ್ಟಿದ. ಅದರ ಮೇಲೆ ಕುದುರೆ ದಳದ ಸರದಾರನೊಬ್ಬನನ್ನು ಅಧಿಪತಿಯಾಗಿ ನೇಮಿಸಿದ್ದು ನಾವಿಕರಿಗೆ ಸಹಿಸಲಿಲ್ಲ. 1768ರಲ್ಲಿ ಇಂಗ್ಲಿಷರು ಬಂದಾಗ ಹಡಗುಗಳು ಅವರ ಕಡೆ ಸೇರಿಕೊಂಡವು. ಮತ್ತೆ ಕಟ್ಟಿದ ಪಡೆಯನ್ನು 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಮಂಗಳೂರಿನ ಬಂದರಿನಲ್ಲಿಯೇ ನಾಶ ಮಾಡಿದ. ಅದೇ ವರ್ಷ ಹೈದರನ ಕುದುರೆ ಸವಾರರು ಮದರಾಸಿನ ಹೊರವಲಯವನ್ನು ಸೂರೆ ಮಾಡುತ್ತಿದ್ದರು! 1782ರಲ್ಲಿ ಫ್ರೆಂಚ್ ನೌಕಾಧಿಪತಿ ಸುಫ್ರೆನ್ ಇದೇ ಕೋರಮಂಡಲ ತೀರದಲ್ಲಿ ಹ್ಯೂಸನೊಡನೆ ಮೇಲಿಂದ ಮೇಲೆ ಕಾದಿದಾಗ, ಕಡಲೂರಿನಲ್ಲಿ ಅವನನ್ನು ಹೈದರ್ ಕಂಡು ಮಾತನಾಡಿದ. ಇಂಗ್ಲಿಷರನ್ನು ನೆಲದ ಮೇಲೆ ಕೆಡಿಸಬಹುದು, ಆದರೆ ಕಡಲನ್ನು ಬತ್ತಿಸಲಾಗದು ಎಂಬ ಅರ್ಥದ ಮಾತನ್ನು ಹೈದರ್ ಕೊನೆಯ ದಿನಗಳಲ್ಲಿ ಪೂರ್ಣಯ್ಯನೊಡನೆ ಆಡಿದನೆಂದು ವಿಲ್ಕ್ಸ್ ದಾಖಲಿಸಿದ್ದಾನೆ. ಟಿಪ್ಪು 22 ಯುದ್ಧನೌಕೆ, 20 ಫ್ರಿಗೇಟುಗಳ ಯೋಜನೆ ಮಾಡಿದ್ದು 1796ರಲ್ಲಿ. ಶ್ರೀರಂಗಪಟ್ಟಣಕ್ಕೆ ಆಗ ಮೂರು ವರ್ಷ ಮಾತ್ರ ಉಳಿದಿತ್ತು. ಪಣಿಕ್ಕರರ ಪ್ರಮೇಯಕ್ಕೆ ಇದಕ್ಕಿಂತ ಸಮರ್ಥ ನಿದರ್ಶನ ಮಲಬಾರಿನಲ್ಲಿಯೂ ಸಿಗಲಾರದು.

ಆದರೂ ಪ್ರಮೇಯದಲ್ಲಿ ಬಿರುಕುಗಳಿವೆ. ಆಶಿನ್ ದಾಸ್‌ಗುಪ್ತ, ಎಂ. ಎನ್. ಪಿಯರ್ಸನ್, ಸಂಜಯ್ ಸುಬ್ರಹ್ಮಣ್ಯಂ ಮೊದಲಾದವರ ಸಂಶೋಧನೆಗಳು ಬಂದ ನಂತರ 1498ನ್ನೇ ಯುಗಾರಂಭವೆಂದು ಹೇಳುವುದು ಕಷ್ಟವಾಗಿದೆ. 18ನೆಯ ಶತಮಾನದವರೆಗೆ ಏಷ್ಯಾದ ವರ್ತಕರು ತಮ್ಮ ವ್ಯಾಪಾರವನ್ನು ತಕ್ಕಮಟ್ಟಿಗೆ ಉಳಿಸಿಕೊಂಡಿದ್ದರು. ಯುರೋಪಿಯನ್ನರು ಎಷ್ಟೋ ಸಲ ಪಾಲುದಾರರಾಗಿದ್ದರೇ ಹೊರತು ಒಡೆಯರಾಗಿರಲಿಲ್ಲ. ಕುತೂಹಲದ ಸಂಗತಿಯೆಂದರೆ ಈ ಆಕ್ಷೇಪಕ್ಕೆ ಬೇಕಾದ ಸಾಮಗ್ರಿ 1929ರ ಪಣಿಕ್ಕರರಲ್ಲಿಯೇ ಇದೆ. ಪೋರ್ತುಗೀಜರ ಅಧಿಕಾರ ಕೋಟೆಯ ಗೋಡೆ ದಾಟಲಿಲ್ಲವೆಂದು ಬರೆದ ತರುಣ ಇತಿಹಾಸಕಾರನನ್ನು 1953ರ ರಾಯಭಾರಿ ಮರೆತರು. ಚೀನಾದಲ್ಲಿ ಪಾಶ್ಚಾತ್ಯರ ಆಳ್ವಿಕೆ ಕಣ್ಣೆದುರೇ ಕೊನೆಗೊಂಡದ್ದನ್ನು ಕಂಡ ಉತ್ಸಾಹ ಅವರಿಂದ ಒಂದು ಯುಗದ ಆದಿಯನ್ನೂ ಅಂತ್ಯವನ್ನೂ ಗೆರೆ ಎಳೆದಂತೆ ಗುರುತಿಸುವಂತೆ ಮಾಡಿತು. ನನ್ನ ಮಟ್ಟಿಗೆ ಮಲಬಾರಿನ ಮೊದಲ ಗ್ರಂಥವೇ ಅವರ ಉತ್ತಮ ಇತಿಹಾಸ ಕೃತಿ. ಅದರ ಮಿತಿ ಶೀರ್ಷಿಕೆಯದು: ಮಂಗಳೂರು, ಬಸರೂರು, ಭಟ್ಕಳ, ಹೊನ್ನಾವರಗಳ ಕರಾವಳಿ ಅದರ ಕೇಂದ್ರಕ್ಕೆ ಬರುವುದಿಲ್ಲ. ಮಲಬಾರಿನ ಪೋರ್ತುಗೀಜ್ ಕೋಟೆಗಳು ಉಂಡ ಅಕ್ಕಿ ಹೋದದ್ದು ಈ ಬಂದರುಗಳಿಂದ. ಉಳ್ಳಾಲದ ಅಬ್ಬಕ್ಕ ಕಾದಿದ್ದು, 1650ರ ದಶಕದ ಮೊದಲಲ್ಲಿ ಕೆಳದಿಯ ಶಿವಪ್ಪನಾಯಕ ಪೋರ್ತುಗೀಜರನ್ನು ಹೊರದೂಡಿದ್ದು ಇಲ್ಲಿ. ಈ ಕೊರತೆಯನ್ನು ಪೋರ್ತುಗೀಜ್ ಆಕರಗಳ ಆಧಾರದಿಂದಲೇ ತುಂಬಲು ತೊಡಗಿದವರು ಬಿ. ಎಸ್. ಶಾಸ್ತ್ರಿಯವರು.

ಇನ್ನು ಕಾದಂಬರಿಗಳು. ಮಲಯಾಳಂನಲ್ಲಿ ಐತಿಹಾಸಿಕ ಕಾದಂಬರಿಗೆ ಸಿ. ವಿ. ರಾಮನ್ ಪಿಳ್ಳೆಯವರ ‘ಮಾರ್ತಾಂಡವರ್ಮ’ದಿಂದ, ಅಂದರೆ 1891ರಿಂದ, ಘನವಾದ ಪರಂಪರೆಯಿದೆ. ಪಣಿಕ್ಕರ್ ಅದರಲ್ಲಿ ‘ಪರಂಗಿ ಪಡಯಾಳಿ’ ಮುಂತಾದ ಕೃತಿಗಳನ್ನು ಬರೆದರು. ಅವುಗಳಲ್ಲಿ ಇಂದಿಗೂ ಓದಿಸಿಕೊಳ್ಳುವುದು 1941ರ ‘ಕೇರಳಸಿಂಹಂ’. ಅದರ ನಾಯಕ ಉತ್ತರ ಮಲಬಾರಿನ ಕೋಟ್ಟಯಂ ರಾಜವಂಶದ ಕೇರಳವರ್ಮ ಪಳಶ್ಶಿರಾಜ. ಹೈದರ್, ಟಿಪ್ಪುಗಳ ಸೈನ್ಯದೆದುರು ಕಾಡಿನಲ್ಲಿ ನಿಂತವನು, 1792ರಲ್ಲಿ ಮಲಬಾರ್ ಕಂಪನಿಗೆ ಸೇರಿದ ಮೇಲೆ ಇಂಗ್ಲಿಷರೆದುರೂ ನಿಂತ. 1797ರಲ್ಲಿ ಒಂದು ಸಂಧಿಯಾಯಿತು. ಟಿಪ್ಪುವಿನ ಪತನದ ನಂತರ ವಯನಾಡು ತನ್ನದೆಂದು ಕಂಪನಿ ಹಕ್ಕು ಸಾಧಿಸಿದಾಗ ಎರಡನೆಯ ಯುದ್ಧ ಹತ್ತಿಕೊಂಡಿತು. ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ವಾಟರ್‌ಲೂ ಯುದ್ಧದ ಮುಂದಿನ ವೆಲಿಂಗ್ಟನ್, ವಯನಾಡಿನ ಕಾಡುಗಳಲ್ಲಿ ರಸ್ತೆ ಕಡಿಸಿ ಆ ಬಲವನ್ನು ಮುರಿಯುವ ಯೋಜನೆ ಹಾಕಿದ. 1802ರ ಅಕ್ಟೋಬರಿನಲ್ಲಿ ಎಡಚ್ಚೇನ ಕುಂಕನ್, ತಲಕ್ಕಲ್ ಚಂದು ಇವರ ನಾಯಕತ್ವದಲ್ಲಿ ಕುರಿಚ್ಯ ಬಿಲ್ಲಾಳುಗಳು ಪನಮರಂ ಠಾಣೆಯನ್ನು ಅಳಿಸಿಹಾಕಿದರು. 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಬಳಿ, ಇಂದಿನ ಕರ್ನಾಟಕದ ಗಡಿಗೆ ಸಮೀಪದ ಹಳ್ಳವೊಂದರ ದಂಡೆಯಲ್ಲಿ ರಾಜ ಮಡಿದ. ತಲಶ್ಶೇರಿಯ ಉಪಕಲೆಕ್ಟರ್ ಬೇಬರ್ ಬರೆದ ವರದಿಯನ್ನು ಲೋಗನ್ ತನ್ನ ಮಲಬಾರ್ ಕೈಪಿಡಿಯಲ್ಲಿ ಅಚ್ಚು ಮಾಡಿಸಿದ್ದಾನೆ. ಶತ್ರುವೇ ಬರೆದ ಆ ಪುಟಗಳಲ್ಲಿ ಸೋತವನ ಗಾಂಭೀರ್ಯ ಎದ್ದು ಕಾಣುತ್ತದೆ. ಕಾದಂಬರಿಕಾರನಿಗೆ ಇಂಥ ಆಕರ ಅಪರೂಪ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಇಂಗ್ಲಿಷಿನಲ್ಲಿ ಬರೆಯುವ ಪಣಿಕ್ಕರ್ ಭಾರತದ ಸೋಲನ್ನು ಕಡಲಿನಿಂದ ವಿವರಿಸುತ್ತಾರೆ. ಮಲಯಾಳಂನಲ್ಲಿ ಬರೆಯುವ ಪಣಿಕ್ಕರ್ ಪ್ರತಿರೋಧವನ್ನು ಕಾಡಿನಲ್ಲಿ ಹುಡುಕುತ್ತಾರೆ. ‘ಕೇರಳಸಿಂಹಂ’ ರಚನೆಯಾದ ನಾಲ್ಕೇ ವರ್ಷಕ್ಕೆ ಬಂದ ಸಮುದ್ರಗ್ರಂಥದ ತರ್ಕದಂತೆ ಪಳಶ್ಶಿಯ ಯುದ್ಧ ಮೊದಲೇ ಸೋತ ಯುದ್ಧ: ತಲಶ್ಶೇರಿ ಬಂದರು, ಅರಬ್ಬೀ ಸಮುದ್ರ ಎರಡೂ ಶತ್ರುವಿನ ಕೈಯಲ್ಲಿದ್ದಾಗ ವಯನಾಡಿನ ಬೆಟ್ಟಗಳು ಎಷ್ಟು ಕಾಲ ನಿಂತಾವು? ಕಾದಂಬರಿಗೆ ಈ ಲೆಕ್ಕ ಬೇಕಿಲ್ಲ. ಅದಕ್ಕೆ ಬೇಕಾದದ್ದು ಸೋಲು ಖಚಿತವೆಂದು ತಿಳಿದ ಮೇಲೂ ರಾಜನ ಜೊತೆ ನಿಂತ ಕೈತೇರಿ ಅಂಬು, ಕುಂಕನ್, ಚಂದು ಇಂಥವರು. ಇತಿಹಾಸದಲ್ಲಿ ಹಡಗು, ನೆಲೆ, ಜಲಸಂಧಿಗಳು ಪಾತ್ರಗಳಾದರೆ ಕಾದಂಬರಿಯಲ್ಲಿ ಮನುಷ್ಯರು ಪಾತ್ರಗಳಾಗುತ್ತಾರೆ. ಒಬ್ಬನೇ ಲೇಖಕ ಒಂದು ಭಾಷೆಯಲ್ಲಿ ಹೇಳಲಾಗದ್ದನ್ನು ಇನ್ನೊಂದರಲ್ಲಿ ಹೇಳಿಕೊಂಡಿದ್ದಾನೆ. ಆದ್ದರಿಂದ ಇಂಗ್ಲಿಷ್ ಗ್ರಂಥಗಳಿಂದ ಮಾತ್ರ ಪಣಿಕ್ಕರರನ್ನು ಅಳೆಯುವ ಅಧ್ಯಯನಗಳು ಅವರನ್ನು ಒಣ ಭೂರಾಜಕೀಯದ ಪಂಡಿತನನ್ನಾಗಿಯೂ, ಕಾದಂಬರಿ ಮಾತ್ರ ಓದುವ ವಿಮರ್ಶೆ ಅವರನ್ನು ರಮ್ಯ ಕಥೆಗಾರನನ್ನಾಗಿಯೂ ಕಾಣುತ್ತವೆ. ಎರಡೂ ಅರ್ಧ ಸತ್ಯ.

ಕನ್ನಡ ಓದುಗನಿಗೆ ಪಳಶ್ಶಿಯ ಕಥೆಯಲ್ಲಿ ಒಂದು ಮುಜುಗರವೂ ಇದೆ. ನಮ್ಮ ಕಥನಗಳಲ್ಲಿ ಇಂಗ್ಲಿಷರೆದುರು ಹೋರಾಡಿದ ಮೈಸೂರು, ಮಲಬಾರಿನ ಕಥನದಲ್ಲಿ ಇಂಗ್ಲಿಷರಿಗೂ ಮುಂಚೆ ಬಂದ ಆಕ್ರಮಣಕಾರ. ಇದನ್ನು ಮತೀಯ ವಾದವಿವಾದಕ್ಕೆ ಎಳೆಯುವವರು ಎರಡೂ ಕಡೆ ಇದ್ದಾರೆ. ಸಂಶೋಧಕನ ಕೆಲಸ ಬೇರೆ: ಒಂದೇ ದಂಡಯಾತ್ರೆಯನ್ನು ಶ್ರೀರಂಗಪಟ್ಟಣದಿಂದಲೂ ವಯನಾಡಿನಿಂದಲೂ ನೋಡುವುದು. ಕೊಡಗಿನ ಕೊನೆಯ ಅರಸನನ್ನು ಕುರಿತ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವನ್ನು, 1837ರ ಅಮರ ಸುಳ್ಯದ ದಂಗೆಯನ್ನು ಕುರಿತ ನಿರಂಜನರ ‘ಕಲ್ಯಾಣಸ್ವಾಮಿ’ಯನ್ನು ‘ಕೇರಳಸಿಂಹಂ’ ಜೊತೆಗೆ ಓದಿದರೆ, ಪಶ್ಚಿಮ ಘಟ್ಟದ ಒಂದೇ ಬೆಟ್ಟಸಾಲಿನಲ್ಲಿ ಮೂವತ್ತು ಮೂವತ್ತೈದು ವರ್ಷಗಳೊಳಗೆ ನಡೆದ ಮೂರು ಅಂತ್ಯಗಳನ್ನು ಒಟ್ಟಿಗೆ ಕಾಣಬಹುದು. ಮಾಸ್ತಿಯವರಲ್ಲಿ ಅರಸನ ಒಳಗಿನ ಕೇಡೇ ರಾಜ್ಯವನ್ನು ನುಂಗುತ್ತದೆ. ಪಣಿಕ್ಕರರಲ್ಲಿ ಕೇಡು ಹೊರಗಿನದು, ಅರಸ ನಿಷ್ಕಳಂಕ. ಕಾದಂಬರಿಯಾಗಿ ಮಾಸ್ತಿಯವರದು ಹೆಚ್ಚು ಆಳಕ್ಕಿಳಿಯುತ್ತದೆ ಎಂದರೆ ಪಕ್ಷಪಾತವಾಗಲಾರದು. ಯುದ್ಧದ ಚಲನೆಯನ್ನು, ಕಣಿವೆ ಮತ್ತು ಠಾಣೆಗಳ ಲೆಕ್ಕವನ್ನು ಬಲ್ಲ ಕೈ ಮಾತ್ರ ಪಣಿಕ್ಕರರದು.

ಯುದ್ಧವನ್ನು ಬರೆದವರಿಗೆ ಯುದ್ಧದ ಅಂಚಿನಲ್ಲಿ ಕೆಲಸ ಮಾಡುವ ಪ್ರಸಂಗವೂ ಬಂತು. 1950ರ ಅಕ್ಟೋಬರ್ ಮೊದಲ ವಾರದಲ್ಲಿ, ಅಮೆರಿಕದ ಸೈನ್ಯ ಕೊರಿಯದಲ್ಲಿ 38ನೆಯ ಅಕ್ಷಾಂಶ ದಾಟಿದರೆ ಚೀನಾ ಯುದ್ಧಕ್ಕಿಳಿಯುವುದೆಂಬ ಎಚ್ಚರಿಕೆಯನ್ನು ಚೌ ಎನ್‌ಲಾಯ್ ಪಣಿಕ್ಕರರ ಮೂಲಕ ಹೊರಜಗತ್ತಿಗೆ ಮುಟ್ಟಿಸಿದರು. ವಾಷಿಂಗ್ಟನ್ ಅದನ್ನು ನಂಬಲಿಲ್ಲ. ಅದೇ ತಿಂಗಳಲ್ಲಿ ಚೀನಾದ ಸೈನ್ಯ ಯಾಲು ನದಿಯನ್ನು ದಾಟಿತು. ಅದೇ ಪಣಿಕ್ಕರ್ ಟಿಬೆಟ್ಟಿನ ವಿಷಯದಲ್ಲಿ ಚೀನಾವನ್ನು ಅತಿಯಾಗಿ ನಂಬಿದರೆಂಬ ಆಪಾದನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ದೇಶದ ರಕ್ಷಣೆಯ ಪ್ರಶ್ನೆಗಳನ್ನು ಕುರಿತ ಅವರ ಪುಸ್ತಕ 1960ರಲ್ಲಿ ಬಂದಿತು. ಕಡಲಿಗೆ ಬೆನ್ನು ಹಾಕಬೇಡಿರೆಂದು ದೇಶಕ್ಕೆ ಹೇಳುತ್ತ ಬಂದವರು, ಎರಡೇ ವರ್ಷಗಳ ನಂತರ ಹಿಮಾಲಯದಲ್ಲಿ ಸೋಲಾದುದನ್ನು ನೋಡಬೇಕಾಯಿತು.

ಕಾಸರಗೋಡಿನ ವಿಷಯಕ್ಕೆ ಬರೋಣ. ಆಯೋಗದ ಅಧ್ಯಕ್ಷರು ಫಜಲ್ ಅಲಿ. ಇನ್ನೊಬ್ಬ ಸದಸ್ಯರು ಹೃದಯನಾಥ ಕುಂಜ್ರು. 1955ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ವರದಿ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಸೂಚಿಸಿತು. ತಾಲ್ಲೂಕಿನ ಬಹುಸಂಖ್ಯಾತರ ಭಾಷೆ ಮಲಯಾಳಂ ಎಂಬ ಜನಗಣತಿಯ ಆಧಾರ ಅದಕ್ಕಿತ್ತು. ತಾಲ್ಲೂಕನ್ನು ಇಡಿಯಾಗಿ ಎಣಿಸಬಾರದು, ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ಪ್ರತ್ಯೇಕವಾಗಿ ನೋಡಬೇಕು ಎಂಬುದು ಕನ್ನಡಿಗರ ವಾದ. ಸದಸ್ಯರೊಬ್ಬರು ಮಲಯಾಳಿಗಳಾಗಿದ್ದರಿಂದ ಸಂಶಯ ಹುಟ್ಟಿದ್ದು ಸಹಜ. ಆದರೆ ಮೂವರ ಸಹಿಯುಳ್ಳ ತೀರ್ಮಾನವನ್ನು ಒಬ್ಬರ ತಲೆಗೆ ಕಟ್ಟುವುದು ಇತಿಹಾಸವಾಗುವುದಿಲ್ಲ. ಅದೇ ಆಯೋಗ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದೂ ಹೇಳಿತ್ತು, ಸರಕಾರ ಅದನ್ನು ಒಪ್ಪಲಿಲ್ಲ. ಕಾಸರಗೋಡಿನ ಶಿಫಾರಸನ್ನು ಒಪ್ಪಿತು. ಹೊಣೆ ದೆಹಲಿಯದೂ ಹೌದು. ಪಣಿಕ್ಕರ್ ಪ್ರತ್ಯೇಕ ಟಿಪ್ಪಣಿ ಬರೆದದ್ದು ಒಂದೇ ವಿಷಯಕ್ಕೆ: ಉತ್ತರ ಪ್ರದೇಶ ಒಡೆಯದೆ ಉಳಿದರೆ ಒಕ್ಕೂಟದ ಸಮತೋಲ ಕೆಡುವುದೆಂದು. ಅಲ್ಲಿ ಮಾತನಾಡುತ್ತಿರುವುದು ಭಾಷಾಭಿಮಾನಿಯಲ್ಲ, ಬಲಾಬಲಗಳನ್ನು ತೂಗುವ ಯುದ್ಧೇತಿಹಾಸಕಾರ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಅವರ ಗ್ರಂಥಗಳೇ ಎತ್ತುತ್ತವೆ. ಕರಾವಳಿಯನ್ನು ಬಂದರುಗಳ ಸಾಲೆಂದು, ಒಂದಕ್ಕೊಂದು ಅಕ್ಕಿ, ಮೆಣಸು, ದೋಣಿಗಳಿಂದ ಹೆಣೆದುಕೊಂಡ ಬದುಕೆಂದು ಕಂಡವರಿಗೆ ತಾಲ್ಲೂಕಿನ ಎಲ್ಲೆಯೊಳಗಿನ ತಲೆಯೆಣಿಕೆಯೇ ಸಾಕೆನಿಸಿತೆ? ತುಳು, ಕನ್ನಡ, ಮಲಯಾಳಂ, ಕೊಂಕಣಿ, ಬ್ಯಾರಿ ಮಾತುಗಳು ಒಂದೇ ಅಂಗಡಿ ಬೀದಿಯಲ್ಲಿ ಕೇಳಿಬರುವ ನಾಡು ಅದು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ಪಣಿಕ್ಕರ್ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಶಿಫಾರಸು ಜಾರಿಗೆ ಬರಲಿಲ್ಲ; ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ಕಾಲವಾಗುವವರೆಗೂ ಆ ಬೇಡಿಕೆಯನ್ನು ಬಿಡಲಿಲ್ಲ.

‘ಕೇರಳಸಿಂಹಂ’ ಪ್ರಕಟವಾದ 1941ರಲ್ಲಿಯೇ, ಮಾರ್ಚ್ ತಿಂಗಳಲ್ಲಿ, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲ್ಲೂಕಿನ ಕಯ್ಯೂರಿನಲ್ಲಿ ರೈತರ ಹೋರಾಟ ನಡೆಯಿತು. 1943ರ ಮಾರ್ಚ್ 29ರಂದು ನಾಲ್ವರು ಯುವಕರನ್ನು ಕಣ್ಣೂರಿನ ಜೈಲಿನಲ್ಲಿ ನೇಣಿಗೇರಿಸಲಾಯಿತು. ಚಂದ್ರಗಿರಿಯ ದಕ್ಷಿಣದ, ಮಲಯಾಳಂ ಮಾತನಾಡುವ ಆ ಹಳ್ಳಿಯ ಕಥೆಯನ್ನು ಕಾದಂಬರಿಯಾಗಿ ಬರೆದವರು ಕನ್ನಡದ ನಿರಂಜನ. ಆಯೋಗ ವರದಿ ಸಲ್ಲಿಸಿದ 1955ರಲ್ಲಿಯೇ ‘ಚಿರಸ್ಮರಣೆ’ ಹೊರಬಂದಿತು. ಮಲಯಾಳಂಗೆ ಅನುವಾದವಾಗಿ ಅದು ಕೇರಳದ ಮನೆಮನೆಗಳಲ್ಲಿ ಓದಿಸಿಕೊಂಡಿತು. ಅದರಲ್ಲಿ ಅರಸನಿಲ್ಲ, ಹಡಗಿಲ್ಲ.